ಟೆಂಚ್ ಬೇಕಾದರೆ ಮೊದಲು ತಳ ಅಳೆ: ಗೆಳೆಯನಿಗೊಂದು ಪತ್ರ

ಪ್ರಿಯ ರಘು,

ಇಂಗ್ಲೆಂಡಿನ ರೆಡಿಂಗ್‌ನ ಮನೆ ಹತ್ತಿರದ ಕೆರೆಯಲ್ಲಿ ಟೆಂಚ್ ಮೀನು ಇದೆ, ಮೂರು ಭಾನುವಾರ ಕೂತರೂ ಒಂದೂ ಮೇಲೆ ಬರಲಿಲ್ಲ ಎಂದು ಬರೆದಿದ್ದೀಯ. ಫೋಟೊ ನೋಡಿದೆ. ಬೆಂಡು ಕೆರೆಯ ನಟ್ಟನಡುವೆ ತೇಲುತ್ತಿದೆ, ನಿನ್ನ ನೆರಳು ಗಿಡ್ಡಗಾಗಿದೆ. ಅಂದರೆ ಜಾಗವೂ ತಪ್ಪು, ಹೊತ್ತೂ ತಪ್ಪು. ಮೂರನೇ ತಪ್ಪು ಫೋಟೊದಲ್ಲಿ ಕಾಣುವುದಿಲ್ಲ, ಆದರೂ ಪಂದ್ಯ ಕಟ್ಟಿ ಹೇಳುತ್ತೇನೆ: ನೀನು ಆಳ ಅಳೆದಿಲ್ಲ.

ಟೆಂಚ್ ನಮ್ಮ ಗೆಂಡೆಯ ಬಳಗದ ಮೀನೇ. ಆಲಿವ್ ಹಸಿರು ಮೈ, ಪುಟ್ಟ ಕೆಂಪು ಕಣ್ಣು, ಬಾಯಿಯ ಎರಡು ಮೂಲೆಗೆ ಒಂದೊಂದು ಗಿಡ್ಡ ಮೀಸೆ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಹುರುಪೆ, ಅದರ ಮೇಲೆ ದಪ್ಪ ಲೋಳೆ. ಇಂಗ್ಲಿಷರು 19ನೇ ಶತಮಾನದಲ್ಲಿ ಇದನ್ನು ನೀಲಗಿರಿಗೂ ಹೊತ್ತು ತಂದು ಊಟಿಯ ಕೆರೆಗೆ ಬಿಟ್ಟಿದ್ದರು. ತೀರಾ ಕಡಿಮೆ ಆಮ್ಲಜನಕದಲ್ಲೂ ಬದುಕುವ ಮೀನಲ್ಲವೇ, ಅಷ್ಟು ದೂರದ ಪಯಣವನ್ನೂ ತಾಳಿಕೊಂಡಿತು. ಹೂಳಿನಲ್ಲಿ ಮೂತಿ ತೂರಿಸಿ ಕೆಂಪು ಹುಳು, ಬಸವನಹುಳು ಹೆಕ್ಕಿ ತಿನ್ನುವುದೇ ಅದರ ಕಸುಬು. ನಡುನೀರಿನಲ್ಲಿ ನೇತಾಡುವ ಎರೆಗಾಗಿ ಮೇಲೇಳುವುದು ಅಪರೂಪ. ನಿನ್ನ ಗಾಳ ತಳದಿಂದ ಒಂದಡಿ ಮೇಲಿದ್ದರೆ ಬೆಳಗಿಂದ ಸಂಜೆವರೆಗೆ ಕೂತರೂ ಅಷ್ಟೇ.

ಕಾಗದಪತ್ರದ ಮಾತು ಮುಗಿಸಿಬಿಡೋಣ. ಅಲ್ಲಿ 13 ವರ್ಷ ತುಂಬಿದ ಯಾರೇ ಗಾಳ ಹಾಕಿದರೂ ಎನ್ವಿರಾನ್‌ಮೆಂಟ್ ಏಜೆನ್ಸಿಯ ಲೈಸೆನ್ಸ್ ಬೇಕು. ಅದರ ಮೇಲೆ ಕೆರೆಯ ಒಡೆಯರದೋ ಕ್ಲಬ್ಬಿನದೋ ಟಿಕೆಟ್ ಬೇರೆ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಟೆಂಚ್‌ನಂಥ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಹೆಚ್ಚಿನ ಕೆರೆಗಳಿಗೆ ಆ ನಿಯಮ ಇಲ್ಲ, ಆದರೆ ಕ್ಲಬ್ ತನ್ನದೇ ನಿಯಮ ಮಾಡಿರಬಹುದು, ದಡದ ಬೋರ್ಡು ಓದು. ಹಿಡಿದದ್ದನ್ನು ನೀರಿಗೆ ವಾಪಸು ಬಿಡುವುದು ಅಲ್ಲಿನ ರೂಢಿ. ಸಾರಿಗೆ ಹುಣಸೆಹಣ್ಣು ನೆನೆಸಿಟ್ಟು ಹೊರಡಬೇಡ.

ಹೊತ್ತು: ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಜೂನ್‌ನಲ್ಲಿ ಅಲ್ಲಿ ಐದು ಗಂಟೆಯೊಳಗೇ ಸೂರ್ಯ ಹುಟ್ಟುತ್ತಾನೆ. ನಾಲ್ಕಕ್ಕೇ ದಡದಲ್ಲಿರು, ಒಂಬತ್ತಕ್ಕೆ ಎದ್ದು ಬಾ. ಮತ್ತೆ ಹೋಗುವುದಾದರೆ ಸಂಜೆ.

ಜಾಗ: ನಿನ್ನೂರಿನ ಕೆನೆಟ್ ನದಿ ಕಣಿವೆಯ ಎಷ್ಟೋ ಕೆರೆಗಳು ಜಲ್ಲಿ ಅಗೆದ ಗುಂಡಿಗಳು, ನಮ್ಮ ಕೆರೆಗಳ ಹಾಗೆ ಬಟ್ಟಲಿನಾಕಾರದವಲ್ಲ. ತಳದಲ್ಲಿ ದಿಣ್ಣೆ, ಹಳ್ಳ, ಮತ್ತೆ ದಿಣ್ಣೆ. ನಾಲ್ಕು ಹೆಜ್ಜೆ ಆಚೀಚೆ ಆದರೆ ಆಳ ಒಂದು ಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಟೆಂಚ್ ದಿಣ್ಣೆಯ ಬುಡದಲ್ಲಿ, ಜೊಂಡಿನ ಅಂಚಿನಲ್ಲಿ, ನೈದಿಲೆ ಎಲೆಗಳ ಹೊರಗೆರೆಯಲ್ಲಿ ಅಡ್ಡಾಡುತ್ತದೆ. ದಡದಿಂದ ಐದಾರು ಮೀಟರ್ ಸಾಕು, ದೂರ ಎಸೆಯುವುದು ಬರೀ ಶೋಕಿ. ಕೋಲು ಜೋಡಿಸುವ ಮೊದಲು ಹತ್ತು ನಿಮಿಷ ಸುಮ್ಮನೆ ನೀರು ನೋಡು. ಗುಂಡುಸೂಜಿ ತಲೆಯಷ್ಟು ಸಣ್ಣ ಗುಳ್ಳೆಗಳು ಸೋಡಾ ಉಕ್ಕಿದಂತೆ ಗುಂಪಾಗಿ ಎದ್ದರೆ, ಆ ಗುಂಪು ನಿಧಾನ ಸರಿಯುತ್ತಿದ್ದರೆ, ಕೆಳಗೆ ಟೆಂಚ್ ಮೇಯುತ್ತಿದೆ. ದೊಡ್ಡ ಗುಳ್ಳೆ ಒಂದೇ ಕಡೆ ಬುಳುಕ್ ಎಂದರೆ ಅದು ಕೊಳೆತ ಹೂಳಿನ ಗಾಳಿ, ನಂಬಬೇಡ.

ಈಗ ಅಳತೆ. ಅಂಗಡಿಯಲ್ಲಿ ಪ್ಲಮೆಟ್ ಎಂಬ, ಸೀಸವಲ್ಲದ ಲೋಹದ ತೂಕ ಸಿಗುತ್ತದೆ. ಅದನ್ನು ಗಾಳಕ್ಕೆ ಸಿಕ್ಕಿಸಿ ನೀನು ಮೀನು ಹಿಡಿಯುವ ಜಾಗಕ್ಕೇ ಹಾಕು. ಬೆಂಡು ಮುಳುಗಿಹೋದರೆ ದಾರ ಕಡಿಮೆ ಬಿಟ್ಟಿದ್ದೀಯ, ಬೆಂಡನ್ನು ಮೇಲೆ ಸರಿಸು. ಅಡ್ಡ ಮಲಗಿದರೆ ದಾರ ಹೆಚ್ಚಾಗಿದೆ, ಕೆಳಗೆ ಸರಿಸು. ತುದಿ ಮಾತ್ರ ಕಂಡರೆ ಅದೇ ಆಳ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ಅಳೆ, ಸಮತಟ್ಟಾದ ತಳ ಎಲ್ಲಿದೆ ಎಂದು ತಿಳಿಯುತ್ತದೆ. ಇಳಿಜಾರಿನಲ್ಲಿ ಎರೆ ಇಟ್ಟರೆ ಹಾಕಿದ ಮೇವೆಲ್ಲ ಉರುಳಿಹೋಗುತ್ತದೆ, ಎರೆ ಒಂದು ಕಡೆ, ಮೀನು ಇನ್ನೊಂದು ಕಡೆ.

12-13 ಅಡಿಯ ಬೆಂಡಿನ ಕೋಲು, ರೀಲಿಗೆ 6 ಪೌಂಡ್ ಭಾರ ತಾಳುವ ನೈಲಾನ್ ದಾರ, ಕೊಕ್ಕೆಮುಳ್ಳಿಲ್ಲದ ಗಾಳ. ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು, ಇದರಲ್ಲಿ ಎಡವಬೇಡ. ಎರಡು ಕಾಳು ಸ್ವೀಟ್‌ಕಾರ್ನ್‌ಗೆ 12, ಬ್ರೆಡ್ಡಿಗೆ 10, ಮ್ಯಾಗಟ್‌ಗೆ, ಅಂದರೆ ನೊಣದ ಮರಿಹುಳುವಿಗೆ, 16. ಬೆಂಡಿಗೆ ನವಿಲುಗರಿಯ ದಂಟಿಗಿಂತ ಒಳ್ಳೆಯದಿಲ್ಲ. ಅದರ ಬುಡವನ್ನು ಮಾತ್ರ ರಬ್ಬರ್ ಕೊಳವೆಯಿಂದ ದಾರಕ್ಕೆ ಹಿಡಿಸು, ಮೇಲ್ತುದಿ ಬಿಡುಬೀಸಾಗಿರಲಿ. ಗಾಳದಿಂದ ನಾಲ್ಕು ಬೆರಳು ಮೇಲೆ ಎಸ್‌ಎಸ್‌ಜಿ ಅಳತೆಯ, ಸೀಸವಲ್ಲದ ಒಂದೇ ಗುಂಡು ಕಚ್ಚಿಸು, ಸುಮಾರು 1.6 ಗ್ರಾಂ. ಬೆಂಡು ಆ ಗುಂಡಿನ ಭಾರಕ್ಕೆ ಮುಳುಗುವಂಥದ್ದಿರಬೇಕು. ಅಳೆದ ಆಳಕ್ಕಿಂತ ಒಂದು ಗೇಣು ದಾರ ಹೆಚ್ಚು ಬಿಡು. ಎಸೆದು ಗುಂಡು ತಳ ಸೇರಿದ ಮೇಲೆ ಕೋಲನ್ನು ಎರಡು ಆನಿಕೆಯ ಮೇಲಿಡು, ಮಲಗಿದ ಬೆಂಡು ಎದ್ದು ನಿಂತು ತುದಿ ಮಾತ್ರ ಕಾಣುವವರೆಗೆ ರೀಲು ನಿಧಾನ ಸುತ್ತು.

ಇಷ್ಟೆಲ್ಲ ಏಕೆ ಎಂದರೆ, ಟೆಂಚ್ ತಲೆ ಕೆಳಗೆ ಮಾಡಿ ಎರೆ ಹೀರಿ ಮತ್ತೆ ಮೈ ನೆಟ್ಟಗೆ ಮಾಡಿಕೊಳ್ಳುವಾಗ ಗುಂಡನ್ನೂ ಎತ್ತುತ್ತದೆ. ಭಾರ ಇಳಿದ ಬೆಂಡು ಮೇಲೆದ್ದು ಅಡ್ಡ ಮಲಗುತ್ತದೆ. ನಮ್ಮೂರಲ್ಲಿ ಬೆಂಡು ಮುಳುಗುವುದನ್ನು ಕಾದು ಅಭ್ಯಾಸವಾದ ಕಣ್ಣಿಗೆ ಇದು ತಿರುಗುಮುರುಗು. ಏಳುತ್ತಿರುವಾಗಲೇ ಕೋಲೆತ್ತು, ಮುಳುಗಲಿ ಎಂದು ಕಾದರೆ ಎರೆ ಉಗುಳಿ ಹೋಗಿರುತ್ತದೆ. ಬೆಂಡು ಬರೀ ನಡುಗಿದರೆ, ಪಕ್ಕಕ್ಕೆ ವಾಲಿ ಮತ್ತೆ ನಿಂತರೆ, ಮೀನಿನ ಮೈ ದಾರಕ್ಕೆ ತಾಗಿದೆ ಅಷ್ಟೇ. ಆಗ ಎಳೆದರೆ ಇಡೀ ಹಿಂಡು ಚದುರುತ್ತದೆ. ಮೇಲೇಳುವುದು ಸರಿಯಾಗಿದ್ದೂ ಮೀನು ತಪ್ಪುತ್ತಿದ್ದರೆ ಗುಂಡನ್ನು ಗಾಳದ ಹತ್ತಿರಕ್ಕೆ, ಎರಡು ಬೆರಳಿಗೆ ತಾ, ಕಾಳು ಒಂದೇ ಹಾಕು. ಹೂಳು ಮೆತ್ತಗಿದ್ದು ಗುಂಡು ಹುದುಗಿಹೋಗುವ ಕಡೆ ಈ ವಿಧಾನವನ್ನೇ ಬಿಡು. ಹಗುರ ಗುಂಡು, ಗಾಳಕ್ಕೂ ಅದಕ್ಕೂ ಒಂದು ಗೇಣು ಅಂತರ, ನಿಧಾನ ಇಳಿಯುವ ಬ್ರೆಡ್ಡಿನ ಚೂರು.

ಮೇವಿನಲ್ಲಿ ಹೆಚ್ಚಿನವರು ಕೆಡುವುದು ಕೈ ದೊಡ್ಡದು ಮಾಡಿ. ಬ್ರೆಡ್ ಪುಡಿಗೆ ನೀರು ಚಿಮುಕಿಸುತ್ತ ಕಲಸು, ಕಾಲು ಗಂಟೆ ಬಿಡು, ಪುಡಿ ನೀರು ಕುಡಿದ ಮೇಲೆ ಬೇಕಾದರೆ ಇನ್ನಷ್ಟು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಹೆಚ್ಚು ನೀರಾದರೆ ಮುದ್ದೆಯಾಗಿ ತಳದಲ್ಲಿ ಹಾಗೇ ಕೂರುತ್ತದೆ. ಸ್ವಲ್ಪ ಕಾಳು, ಕತ್ತರಿಸಿದ ಎರೆಹುಳು ಸೇರಿಸಿ ಕಿತ್ತಳೆ ಗಾತ್ರದ ನಾಲ್ಕು ಉಂಡೆ ಮೊದಲೇ ಹಾಕು. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಹತ್ತು-ಹನ್ನೆರಡು ಕಾಳು, ಅಷ್ಟೇ. ಹೊಟ್ಟೆ ತುಂಬಿದ ಮೀನಿಗೆ ನಿನ್ನ ಗಾಳದ ಕಾಳು ಯಾಕೆ ಬೇಕು? ಹೆಂಪ್ ಬೀಜ ಹಾಕುವುದಾದರೆ ಇಡೀ ದಿನ ನೆನೆಸಿ, ಬಿರಿಯುವವರೆಗೆ ಬೇಯಿಸು. ಅರೆಬೆಂದ ಕಾಳು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ.

ಸಿಕ್ಕ ಮೇಲೆ ಟೆಂಚ್ ಓಡುವುದಕ್ಕಿಂತ ಹಟ ಹಿಡಿಯುವುದು ಹೆಚ್ಚು, ನೇರ ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಕೋಲನ್ನು ಮೇಲೆತ್ತಿ ಜಗ್ಗಬೇಡ, ನೀರಿನ ಮಟ್ಟಕ್ಕೆ ಬಾಗಿಸಿ ಪಕ್ಕಕ್ಕೆ ಸೆಳೆ. ರೀಲಿನ ಬಿಗಿ, ದಾರ ಹರಿಯುವ ಮೊದಲೇ ಬಿಟ್ಟುಕೊಡುವಷ್ಟಿರಲಿ.

ಕೈಬಲೆಯಲ್ಲಿ ಬಂದ ಮೀನನ್ನು ಒಣಹುಲ್ಲಿನ ಮೇಲೆ ಹಾಕಬೇಡ. ಅಂಗೈ ಒದ್ದೆ ಮಾಡಿಕೋ, ಚಾಪೆ ಒದ್ದೆ ಮಾಡು. ಲೋಳೆ ಕಿತ್ತುಬಂದ ಕಡೆ ಸೋಂಕು ಹತ್ತುತ್ತದೆ. ಗಾಳ ಬಿಡಿಸುವ ಇಕ್ಕಳ ಜೇಬಿನಲ್ಲೇ ಇರಲಿ, ಚೀಲದ ತಳದಲ್ಲಿ ಬೇಡ. ಬಿಡುವಾಗ ಎಸೆಯದೆ, ಬಲೆಯನ್ನೇ ನೀರಿಗಿಳಿಸಿ ಅದಾಗಿಯೇ ಹೊರಡುವವರೆಗೆ ಹಿಡಿದಿರು. ಮನೆಗೆ ಬಂದು ಬಲೆ, ಚಾಪೆ ಎರಡನ್ನೂ ಪೂರ್ತಿ ಒಣಗಿಸು, ಒಂದು ಕೆರೆಯ ರೋಗ ಇನ್ನೊಂದಕ್ಕೆ ಹೋಗುವುದು ಒದ್ದೆ ಬಲೆಯಲ್ಲೇ.

ಮುಂದಿನ ಪತ್ರದಲ್ಲಿ ಮೀನಿನ ತೂಕ ಆಮೇಲೆ, ಆಳ ಎಷ್ಟಿತ್ತು ಅದನ್ನು ಮೊದಲು ಬರೆ.

ನಿನ್ನ,
ಶಿವು