ಅಡ್ಮಿನ್ ಪಾಸ್‌ವರ್ಡ್ ಮತ್ತು ರಿಕವರಿ ಕೀಯನ್ನು ಮಾಲೀಕಳಿಗೇ ಕೊಡದಿರುವ ಕುರಿತು ದೂರು

ವ್ಯವಸ್ಥಾಪಕರಿಗೆ,

ಮಾನ್ಯರೇ,

ಗದಗಿನಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿಯೇ ನನ್ನ ಜೀವನಾಧಾರ. ನಾಲ್ಕು ಬಾರಿ ಫೋನ್ ಮಾಡಿ, ಎರಡು ಬಾರಿ ಖುದ್ದಾಗಿ ಬಂದು ಕೇಳಿಕೊಂಡರೂ ಪ್ರಯೋಜನವಾಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಚಾರ್ಜಿಂಗ್ ಪಿನ್ ಸಡಿಲವಾಗಿದೆಯೆಂದು ಕೊಟ್ಟಿದ್ದ, ಆಗಿನ್ನೂ ಚಾಲೂ ಇದ್ದ ನನ್ನ ಲ್ಯಾಪ್‌ಟಾಪಿಗೆ ನಿಮ್ಮವರು ಮದರ್‌ಬೋರ್ಡ್ ಬದಲಿಸಿದರು. ಬೋರ್ಡ್ ಜೊತೆ ಬೀಗದ ಕೀಯನ್ನು ಕಾಯುವ ಟಿಪಿಎಂ ಚಿಪ್ಪೂ ಬದಲಾಗುವುದರಿಂದ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹಾಗಾಗಿ ಬೋರ್ಡ್ ಬಿಚ್ಚುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಇಲ್ಲವೇ ಕೀ ಬರೆದಿಟ್ಟುಕೊಳ್ಳಬೇಕು ಎಂಬುದು ನಿತ್ಯ ಇದೇ ಕೆಲಸ ಮಾಡುವ ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಎರಡನ್ನೂ ಮಾಡದ್ದರಿಂದ ಲ್ಯಾಪ್‌ಟಾಪ್ ಈಗ ಕೀ ಕೇಳುತ್ತಾ ನಿಂತಿದೆ. ಆ ಕೀ ಇರುವ ಮೈಕ್ರೋಸಾಫ್ಟ್ ಖಾತೆಯನ್ನು ಖರೀದಿಯ ದಿನ ನಿಮ್ಮ ಹುಡುಗನೇ ತನ್ನ ಮೊಬೈಲ್ ನಂಬರ್ ಕೊಟ್ಟು ತೆರೆದಿದ್ದ. ಅಡ್ಮಿನ್ ಪಾಸ್‌ವರ್ಡನ್ನೂ "ಸೆಕ್ಯೂರಿಟಿಗೆ ನಮ್ಮ ಹತ್ರಾನೇ ಇರಲಿ" ಎಂದು ಇಟ್ಟುಕೊಂಡಿದ್ದ.

ಕಳೆದ ಸೋಮವಾರ ನಿಮ್ಮ ಕೌಂಟರಿನಲ್ಲಿ ಖರೀದಿ ಬಿಲ್, ಜಾಬ್ ಕಾರ್ಡ್, ಆಧಾರ್ ಮೂರನ್ನೂ ಇಟ್ಟೆ. ಅಲ್ಲಿದ್ದವರು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಖಾತೆಯಲ್ಲಿರೋ ನಂಬರ್ ನಿಮ್ಮದಾ?" ಎಂದರು. ಅದು ನಿಮ್ಮವರದೇ ಎಂದೆ. "ಹಂಗಾದ್ರ ಲ್ಯಾಪ್‌ಟಾಪ್ ನಿಮ್ಮದು ಅನ್ನಾಕ ಏನ್ ಗ್ಯಾರಂಟಿ ರೀ?" ಎಂದು ಐದಾರು ಗಿರಾಕಿಗಳ ಎದುರು ಕೇಳಿದರು. ಬಿಲ್ಲಿನ ಮೇಲಿನ ಸೀರಿಯಲ್ ನಂಬರನ್ನೂ ಲ್ಯಾಪ್‌ಟಾಪಿನ ಅಡಿಯ ನಂಬರನ್ನೂ ಬೆರಳಿಟ್ಟು ತೋರಿಸಿದೆ. ಅದನ್ನು ನೋಡದೆಯೇ, "ಮನ್ಯಾಗ ಗಂಡಸ್ರು ಯಾರರ ಇದ್ರ ಕಳಸ್ರಿ, ಅವರಿಗೆ ತಿಳಿಸಿ ಹೇಳ್ತೀವಿ" ಎಂದರು. ಹದಿನಾಲ್ಕು ವರ್ಷಗಳಿಂದ ನನ್ನ ಡಿಟಿಪಿ ಅಂಗಡಿ ನಡೆಸುತ್ತಿರುವವಳು ನಾನು. ಕೊನೆಗೆ ಅವರು ಸೂಚಿಸಿದ ಪರಿಹಾರವೆಂದರೆ ಫಾರ್ಮ್ಯಾಟ್, ಅಂದರೆ ಆರು ವರ್ಷಗಳ ನನ್ನ ಡಿಸೈನುಗಳೆಲ್ಲ ಅಳಿಸಿಹೋಗುವುದು!

ಗುರುತು ಖಚಿತಪಡಿಸಿಕೊಳ್ಳುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಯಾರು ಕೇಳಿದರೂ ಕೀ ಕೊಟ್ಟರೆ ಬೀಗಕ್ಕೆ ಅರ್ಥವಿಲ್ಲ. ಆದರೆ ಕಳೆದ ದೀಪಾವಳಿಯ ಹೊತ್ತಿಗೆ, ನನ್ನಲ್ಲಿ ಕೆಲಸ ಬಿಟ್ಟುಹೋಗಿದ್ದ ಹುಡುಗ ಫೋನ್ ಮಾಡಿದಾಗ ಇದೇ ಅಡ್ಮಿನ್ ಪಾಸ್‌ವರ್ಡನ್ನು ನಿಮ್ಮವರು ಅವನ ಹೆಸರನ್ನೂ ಕೇಳದೆ ಹೇಳಿಬಿಟ್ಟಿದ್ದರು. ಅವನೇ ಬಂದು ತಿಳಿಸಿದ್ದರಿಂದ ನನಗೆ ಗೊತ್ತಾಯಿತು. ಅಪರಿಚಿತನಿಗೆ ತೆರೆದ ಬಾಗಿಲು ಬಿಲ್ ಹಿಡಿದು ನಿಂತ ಮಾಲೀಕಳಿಗೆ ಮುಚ್ಚಿದೆಯೆಂದರೆ ನಿಮ್ಮಲ್ಲಿ ಭದ್ರತೆಯೂ ಇಲ್ಲ, ಸೇವೆಯೂ ಇಲ್ಲ.

ರಿಕವರಿ ಕೀ ಮತ್ತು ಅಡ್ಮಿನ್ ಪಾಸ್‌ವರ್ಡನ್ನು ಲಿಖಿತವಾಗಿ ನನ್ನ ಕೈಗೇ ಕೊಡಬೇಕು. ಖಾತೆಯಲ್ಲಿರುವ ನಿಮ್ಮ ನಂಬರ್ ತೆಗೆದು ನನ್ನದನ್ನು ಸೇರಿಸಬೇಕು. ಹದಿನೈದು ದಿನಗಳೊಳಗೆ ಇದಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡುತ್ತೇನೆ. ನಿಮ್ಮಲ್ಲಿ ಕಂಪ್ಯೂಟರ್ ಕೊಂಡಿರುವ ಈ ಊರಿನ ಪ್ರತಿಯೊಂದು ಪ್ರೆಸ್ಸಿಗೂ ಹೋಗಿ, ಅವರ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೆಂದು ನಾನೇ ಕೇಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ