ಅಮ್ಮನ ಮಾತೃಭಾಷೆ ಬರೆಸಲು ಮೂರು ದಿನ

ಮಾನ್ಯರೇ,

ಮೂಡಿಗೆರೆಯ ಜನಸಂಖ್ಯೆ ಮತ್ತು ಭಾಷೆಗಳ ಕುರಿತು ತಾವು ಪ್ರಕಟಿಸಿದ ವರದಿಯಲ್ಲಿನ ಲೆಕ್ಕ ಹೇಗೆ ತಯಾರಾಗುತ್ತದೆ ಎಂಬುದನ್ನು ಈ ಸೋಮವಾರ ಕಣ್ಣಾರೆ ಕಂಡೆ. ಸುರಿಯುವ ಮಳೆಯಲ್ಲಿ 82 ವರ್ಷದ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಕುಟುಂಬದ ವಿವರ ದಾಖಲಿಸಲು ಪಟ್ಟಣದ ಕಚೇರಿಯೊಂದಕ್ಕೆ ಹೋಗಿದ್ದೆ. ಮನೆಯಲ್ಲಿ ಯಾವ ಭಾಷೆ ಎಂದು ಗುಮಾಸ್ತರು ಕೇಳಿದರು. ‘ಇಲ್ಲಡ್ ತುಳುವೇ ಪಾತೆರುನಿ’ (ಮನೆಯಲ್ಲಿ ಮಾತಾಡುವುದು ತುಳುವೇ) ಎಂದು ಅಮ್ಮ ತುಳುವಿನಲ್ಲೇ ಉತ್ತರಿಸಿದರು. ಗುಮಾಸ್ತರು ಕನ್ನಡ ಎಂದು ತುಂಬಿದರು. ಆಕ್ಷೇಪಿಸಿದಾಗ ಪರದೆಯನ್ನು ನನ್ನತ್ತ ತಿರುಗಿಸಿ, ಪಟ್ಟಿಯ ಮೇಲೆ ಬೆರಳಾಡಿಸುತ್ತ, ‘ಇದರಲ್ಲಿ ತುಳು ಇಲ್ಲ, ಕನ್ನಡ ಎಂದಿದ್ದರೆ ನಿಮಗೇನು ನಷ್ಟ’ ಎಂದರು. ಮಂಗಳವಾರ ಸರ್ವರ್ ಇರಲಿಲ್ಲ. ಬುಧವಾರ, ತಿದ್ದುಪಡಿಗೆ ಬೇರೆ ಅರ್ಜಿ ಬೇಕು, ಮತ್ತೆ ಎಲ್ಲದರ ಜೆರಾಕ್ಸ್ ತನ್ನಿ ಎಂದರು. ನನ್ನ ಮೂರು ದಿನದ ಕೆಲಸ ಹಾಳಾಯಿತು, ಅಮ್ಮನಿಗೆ ಜ್ವರ ಬಂತು.

ಕನ್ನಡದ ಮೇಲೆ ನಮಗೆ ತಕರಾರಿಲ್ಲ. ಓದಿದ್ದು, ದುಡಿದದ್ದು ಅದರಲ್ಲೇ. ಆದರೆ ದೇಶದ ಜನಗಣತಿಯ ನಮೂನೆಯಲ್ಲೇ ಮಾತೃಭಾಷೆಗೆ ಒಂದು ಕಾಲಂ, ಬಲ್ಲ ಇತರ ಎರಡು ಭಾಷೆಗಳಿಗೆ ಬೇರೆ ಕಾಲಂ ಇರುವಾಗ, ಅಮ್ಮನ ತುಳುವನ್ನು ಅಳಿಸಿ ಕನ್ನಡಕ್ಕೆ ಜಾಗ ಮಾಡುವ ಅಗತ್ಯ ಏನಿತ್ತು? 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳು ಮಾತೃಭಾಷೆಯವರೆಂದು ದಾಖಲಾದದ್ದು, ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡವರಿಂದ. ಕಡೂರು, ತರೀಕೆರೆ ಕಡೆಯ ತಾಂಡಾಗಳ ಲಂಬಾಣಿಯನ್ನು ಜನಗಣತಿಯವರು ಹಿಂದಿಯ ಕೆಳಗೆ ಸೇರಿಸಿಬಿಟ್ಟಿದ್ದಾರೆ. ಅದೂ ಇಂಥದೇ ಅನ್ಯಾಯ. ಕಾಫಿ ತೋಟದ ಲೈನುಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ತಮಿಳು, ಮಲಯಾಳ, ಈಗ ಅಸ್ಸಾಮಿ, ಬಂಗಾಳಿಯೂ ಕೇಳಿಸುತ್ತಿವೆ. ಅವರನ್ನೆಲ್ಲ ಯಾವ ಕಾಲಂನಲ್ಲಿ ತುಂಬುತ್ತಾರೋ!

ಅಂಕಿಗಳ ಹೆಸರಿನಲ್ಲಿ ನಮಗೆ ಆಗುತ್ತಿರುವ ತೊಂದರೆ ಹಳೆಯದು. 2001ರಲ್ಲಿ 11,40,905 ಇದ್ದ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಬಸ್ ಕೇಳಿದರೂ, ಚರಂಡಿ ಕೇಳಿದರೂ ಅಧಿಕಾರಿಗಳು ‘ನಿಮ್ಮಲ್ಲಿ ಜನ ಎಲ್ಲಿದ್ದಾರೆ’ ಎಂದು ಅದನ್ನೇ ಓದಿ ಹೇಳುತ್ತಾರೆ. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ನೋಡಲಿ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಎರಡು ಮಳೆಗಾಲ ಕಳೆದಿವೆ, ಅರ್ಜಿ ಕೊಟ್ಟು ಸಾಕಾಗಿದೆ.

ಆದ್ದರಿಂದ ಸಂಬಂಧಪಟ್ಟವರು ಕಚೇರಿಯ ಆ ಭಾಷೆಗಳ ಪಟ್ಟಿಯನ್ನು ಕೂಡಲೇ ಸರಿಪಡಿಸಬೇಕು, ಇಲ್ಲವೇ ಜನ ಹೇಳಿದ್ದನ್ನು ಕೈಯಲ್ಲಾದರೂ ಬರೆದುಕೊಳ್ಳಬೇಕು; ವಯಸ್ಸಾದವರನ್ನು ಹೀಗೆ ಅಲೆದಾಡಿಸುವುದಕ್ಕೆ ಅವರಿಗೆ ನಾಚಿಕೆಯಾಗಬೇಕು.

– ನೊಂದ ಓದುಗ, ಮೂಡಿಗೆರೆ