ಪರದೆಯ ಮೇಲೆ ರಾಜಿ: ವಕೀಲ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕೋರ್ಟಿನಿಂದ ಆನ್‌ಲೈನ್ ಮೀಡಿಯೇಷನ್ ಕಡೆ, ಅಂದರೆ ವಿಡಿಯೊ ಕರೆಯಲ್ಲಿ ಎರಡೂ ಪಕ್ಷಗಳ ನಡುವೆ ಕೂತು ರಾಜಿ ಮಾಡಿಸುವ ಕೆಲಸದ ಕಡೆ, ಹೊರಳುತ್ತೇನೆ, ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀಯ. ಆ್ಯಪ್ ಆಮೇಲೆ. ಮೊದಲು 40 ಗಂಟೆಯ ಮೀಡಿಯೇಟರ್ ತರಬೇತಿ ಮುಗಿಸು. ಕೋರ್ಟಿನಲ್ಲಿ ಸಾಕ್ಷಿಗಳನ್ನು ಕ್ರಾಸ್ (ಪಾಟೀಸವಾಲು) ಮಾಡಿ ಮಾಡಿ ನಾಲಿಗೆಗೆ ಹತ್ತಿದ ಚಾಳಿ ಬಿಡಲು ವಕೀಲರಿಗೆ ಅದೂ ಸಾಲದು.

ಕೆಲಸಕ್ಕೆ ಬರವಿಲ್ಲ. 3 ಲಕ್ಷ ರೂಪಾಯಿ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯದಲ್ಲಿ ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಮೀಡಿಯೇಷನ್ ಆಗಲೇಬೇಕು; ಸುಪ್ರೀಂ ಕೋರ್ಟಿನ 2022ರ ಪಾಟೀಲ್ ಆಟೊಮೇಷನ್ ತೀರ್ಪು ಅದನ್ನು ಖಚಿತಪಡಿಸಿತು. ಬರೀ ಹಣದ ತಕರಾರಾದರೆ ಬರಹದಲ್ಲೇ ಮುಗಿಯಬಹುದು. 1999ರಲ್ಲಿ ಆನ್‌ಲೈನ್ ಮಾರಾಟ ತಾಣ ಈಬೇಯಲ್ಲಿ ಕೊಳ್ಳುವವರು, ಮಾರುವವರ ಜಗಳಗಳ ಮೇಲೆ ಅಮೆರಿಕದ ಪ್ರಾಧ್ಯಾಪಕ ಈಥನ್ ಕಾಟ್ಶ್ ನಡೆಸಿದ ಮೀಡಿಯೇಷನ್ ಪ್ರಯೋಗ ಈಮೇಲ್‌ನಲ್ಲೇ ನಡೆದಿತ್ತು. ಗಂಡ ಹೆಂಡತಿ, ಅಣ್ಣ ತಮ್ಮಂದಿರ ವಿಷಯ ಚಾಟ್‌ಗೆ ಹಾಕಬೇಡ.

ಕೂರುವ ಮುಂಚೆ ಇಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡು. ಕೋಣೆಯಲ್ಲಿ ಇನ್ಯಾರಿದ್ದಾರೆ, ಲೈನ್ ಕಡಿದರೆ ಯಾವ ನಂಬರ್, ರಾಜಿಗೆ ಒಪ್ಪುವ ಅಧಿಕಾರ ಇವರಿಗಿದೆಯೇ ಎಂದು ಕೇಳು. ಕಂಪನಿಯವರಾದರೆ ಅಧಿಕಾರ ಪತ್ರವನ್ನು ಆಗಲೇ ತರಿಸಿಕೋ. ಇಲ್ಲದಿದ್ದರೆ ಎಲ್ಲ ಮುಗಿದ ಮೇಲೆ ‘ಮೇಲಿನವರನ್ನು ಕೇಳಬೇಕು’ ಅಂತಾರೆ.

ಎಡವಟ್ಟಾಗುವುದು ಖಾಸಗಿ ಮಾತುಕತೆಯಲ್ಲಿ, ಅಂದರೆ ಒಂದು ಪಕ್ಷವನ್ನು ಹೊರಗೆ ಕಾಯಿಸಿ ಇನ್ನೊಂದರ ಜೊತೆ ಮಾತ್ರ ಮಾತಾಡುವಾಗ. ಪರದೆಯ ಮೇಲೆ ಜನರ ಹೆಸರಿನ ಬದಲು ಅವರ ಫೋನಿನ ಹೆಸರು ಬಂದು ಎರಡು ‘ರೆಡ್‌ಮಿ’ ಇರುತ್ತವೆ. ತಪ್ಪಿ ಎದುರು ಪಕ್ಷದ ವಕೀಲರನ್ನು ಒಳಗೆ ಬಿಟ್ಟುಕೊಂಡು ಇವರ ಕೊನೆಯ ಮೊತ್ತ ಕೇಳಿದೆಯೋ, ಅಲ್ಲಿಗೆ ಮುಗಿಯಿತು. ಆದ್ದರಿಂದ ಎಲ್ಲರ ಹೆಸರು, ಪಕ್ಷ ಮೊದಲೇ ಬರೆಸು. ಇನ್ನೂ ಸುರಕ್ಷಿತ ದಾರಿಯೆಂದರೆ ಪ್ರತಿ ಪಕ್ಷಕ್ಕೂ ಪ್ರತ್ಯೇಕ ಲಿಂಕ್. ರೆಕಾರ್ಡಿಂಗ್ ಆರಿಸು, ತಾನಾಗಿ ಟಿಪ್ಪಣಿ ಬರೆಯುವ ಎಐ ಸಹಾಯಕಗಳನ್ನು ಹೊರಹಾಕು.

ಹೊರಗೆ ಕಾಯುವವರನ್ನು ಮರೆಯಬೇಡ. ಮೀಡಿಯೇಷನ್ ಕೇಂದ್ರದಲ್ಲಾದರೆ ಜನ ಓಡಾಡುವುದಾದರೂ ಕಾಣುತ್ತದೆ. ಖಾಲಿ ಪರದೆ ನೋಡುತ್ತ ಕೂತವರಿಗೆ ಒಳಗೆ ಸಂಚು ನಡೀತಿದೆ ಅನ್ನಿಸುತ್ತದೆ. 20 ನಿಮಿಷ ಅಂತ ಹೇಳಿ ಹೋಗು. ಮೀರಿದರೆ ಇಣುಕಿ ಒಂದು ಮಾತು ಹೇಳಿ ಬಾ. ಯಾರಾದರೂ ಉತ್ತರಕ್ಕೆ ಮುಂಚೆ ಪದೇಪದೇ ಕ್ಯಾಮೆರಾ ಆಚೆ ನೋಡುತ್ತಿದ್ದರೆ ಅಲ್ಲಿ ಯಾರೋ ಕಣ್ಸನ್ನೆ ಮಾಡುತ್ತಿರಬಹುದು. ಸಭೆ ನಿಲ್ಲಿಸಿ ಅವರೊಬ್ಬರಿಗೇ ಫೋನ್ ಮಾಡು.

ದಾಖಲೆಗಳ ದಿನಾಂಕವಾರು ಪಟ್ಟಿಗೆ ಎಐ ಸಾಕು, ಅದೂ ಪಕ್ಷಗಾರರ ಒಪ್ಪಿಗೆಯಿದ್ದರೆ, ಹೆಸರುಗಳನ್ನು ಅಳಿಸಿ. ‘ಗೆಲ್ಲುವವರು ಯಾರು’ ಅಂತ ಅದನ್ನು ಕೇಳಿದರೆ ನೀನು ಮತ್ತೆ ವಕೀಲನಾದೆ.

ಒಪ್ಪಿದ ಗಳಿಗೆಯಲ್ಲೇ ಪರದೆ ಹಂಚಿಕೊಂಡು ಕರಾರು ಬರೆ: ಮೊತ್ತ, ದಿನಾಂಕ, ಬ್ಯಾಂಕ್ ಖಾತೆ, ಕಂತು ತಪ್ಪಿದರೆ ಏನು. ಕನ್ನಡದಲ್ಲಿ ಓದಿ ಹೇಳು, ಅವರವರ ವಕೀಲರಿಗೆ ತೋರಿಸು, ಸಹಿಯೂ ಅವತ್ತೇ ಆಗಲಿ. ನಾಳೆಗೆ ಬಿಟ್ಟರೆ ರಾತ್ರಿ ಯಾರಾದರೂ ನೆಂಟರು ಬುದ್ಧಿ ಹೇಳಿರುತ್ತಾರೆ.

ನಿನ್ನ ಗೆಳೆಯ